ಭಾನುವಾರದ ಪಾದ್ರಿ

ಟೀವಿ ನಾಟಕಗಳನ್ನು ನೇರ ಪ್ರಸಾರದಲ್ಲೇ ಆಡುತ್ತಿದ್ದ ಕಾಲ. ನ್ಯೂಯಾರ್ಕಿನ ನಿರುದ್ಯೋಗ ಭತ್ಯೆಯ ಸಾಲಿನಲ್ಲಿ ನಿಂತಿದ್ದ ಥೆಲ್ಮಾಗೆ ಮುಂದಿದ್ದ ಇಬ್ಬರ ಗುರುತು ಹತ್ತಿತು. ಭಾನುವಾರದ ಟೀವಿ ನಾಟಕದಲ್ಲಿ ಒಬ್ಬ ಪತ್ತೇದಾರ, ಇನ್ನೊಬ್ಬ ಪಾದ್ರಿ! ಕೊಲೆಗಾರ ಯಾರೆಂದು ತಿಳಿಯುವ ಮೊದಲೇ ನಾಟಕ ನಿಂತುಹೋಗಿತ್ತು. ಅವಳು ಕಿವಿ ನಿಮಿರಿಸಿದಳು.

“ಮೂರು ಪುಟ ಬಾಯಿಪಾಠ ಮಾಡಿದ್ದೆ ಕಣೋ ಲೈಲ್,” ಎಂದ ಪತ್ತೇದಾರ. “ಬಾಗಿಲು ತೆಗೆದು ಒಳಗೆ ಬರ್ತೀನಿ, ಟೈಮ್ ಮುಗೀತು ಅಂತ ಸನ್ನೆ ಮಾಡ್ತಾರೆ!”

“ಅಯ್ಯೋ ಪಾಪ.”

“ಪಾಪ ಅಂತೆ! ಹೆಣದ ಮುಂದೆ ಅಷ್ಟು ಹೊತ್ತು ಅಳಬೇಕಿತ್ತೇನೋ ನೀನು? ನನ್ನ ಹೊಟ್ಟೆ ಮೇಲೆ ಹೊಡೆದುಬಿಟ್ಟೆ.”

“ಕಣ್ಣೀರು ತಾನಾಗೇ ಬಂತು ಕಣಯ್ಯಾ. ಅದನ್ನ ನೋಡಿ ನಾಟಕಕ್ಕೆ ದುಡ್ಡು ಹಾಕೋ ಸೋಪಿನ ಕಂಪನಿಯವರು ಮನಸೋತು, ವರ್ಷವಿಡೀ ಪಾದ್ರಿ ಪಾರ್ಟು ಕೊಟ್ಟಿದಾರೆ. ಇನ್ಮೇಲೆ ಈ ಸಾಲಿಗೆ ಬರಲ್ಲ ನಾನು, ನಿಂಗೆ ಹೇಳಿ ಹೋಗೋಣ ಅಂತ ಬಂದೆ ಅಷ್ಟೆ.”

“ಕೊಲೆ ಮಾಡಿದ್ದು ನೀನೇ ಅಂತ ನಾನು ಹೇಳಿಬಿಟ್ಟಿದ್ರೆ ಕೊಡ್ತಿದ್ರಾ?”

“ಮತ್ತೆ? ಅದಕ್ಕೇ ತಾನೆ ಅಷ್ಟು ಹೊತ್ತು ಅತ್ತಿದ್ದು!”

ಪತ್ತೇದಾರನನ್ನು ಭತ್ಯೆ ಕೊಡುವ ಕಿಟಕಿಗೆ ಕರೆದರು. ಪಾದ್ರಿ ಹೊರಡುತ್ತಾ ಥೆಲ್ಮಾಳತ್ತ ತಿರುಗಿ, ಟೋಪಿ ಎತ್ತಿ, ಕರುಣೆಯಿಂದ ಮುಗುಳ್ನಕ್ಕ.

ಭಾನುವಾರ ಅವನ ಜೊತೆ ತಾನೂ ಅತ್ತಿದ್ದ ಥೆಲ್ಮಾ ಕೈಚೀಲವನ್ನು ಎದೆಗವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.