ಅಳಿಸಿದ ಕಡವು

ನಮ್ಮ ಪಕ್ಕದ ಮನೆಯ ನಕ್ಷೆಯಕ್ಕನಿಗೆ ಆದದ್ದಿದು. ಆ ರಾತ್ರಿ ಅವಳು ಆಫೀಸಿನಿಂದ ಹೊರಟಾಗ ಹತ್ತು ದಾಟಿತ್ತು. ದಾರಿಯಲ್ಲೊಂದು ಹಾಳುಬಾವಿ. ಕತ್ತಲಿಗೆ ಹೆದರುವವಳಲ್ಲ ಅವಳು. ಆದರೆ ಅವತ್ತು ಮನಸ್ಸೆಲ್ಲ ಮೇಜಿನ ಮೇಲೆ ಬಿಟ್ಟುಬಂದ ನಕ್ಷೆಯಲ್ಲೇ ಇತ್ತು.

ಹಳೆಯ ನಕ್ಷೆಗಳನ್ನು ಹೊಸ ಹಾಳೆಗೆ ಇಳಿಸುವುದು ಅವಳ ಕೆಲಸ. ಅವತ್ತು ಮೇಜಿಗೆ ಬಂದದ್ದು ಎಂಬತ್ತು ವರ್ಷದ ಹಿಂದಿನದು... ಕಾಡು, ಗುಡ್ಡದ ಗೆರೆಗಳು, ನಡುವೆ ದಿಮ್ಮಿ ತೇಲಿಸುವ ಹೊಳೆ. ಅದೇ ಹೊಳೆ. ದಿಮ್ಮಿಗಳ ತೆಪ್ಪ ನಡೆಸುತ್ತಿದ್ದ ಅವಳ ಗಂಡ ಏಳು ವರ್ಷದ ಹಿಂದಿನ ಪ್ರವಾಹದಲ್ಲಿ ಹೋದವನು ತಿರುಗಿ ಬರಲಿಲ್ಲ. ಹೆಣವೂ ಸಿಗಲಿಲ್ಲ.

ತೆಪ್ಪಗಳು ದಡ ಹತ್ತುವ ಕಡವನ್ನು ಅವಳು ಆಗಲೇ ಬರೆದು ಮುಗಿಸಿದ್ದಳು. "ಅದು ಆ ಪ್ರವಾಹದಲ್ಲೇ ಕೊಚ್ಚಿಹೋಯ್ತಲ್ಲಮ್ಮ, ತೆಗೆದುಬಿಡು," ಅಂದರು ಸಾಹೇಬರು. ಬ್ಲೇಡಿನಿಂದ ಹೆರೆದು ತೆಗೆದಳು.

ಬಾವಿ ಹತ್ತಿರವಾಯಿತು. ಒಳಗಿನಿಂದ ಸದ್ದು. ಡಬ್... ಡಬ್... ನೆನೆದ ಮರಕ್ಕೆ ನೆನೆದ ಮರ ತಾಗುವ ಸದ್ದು. ಆಮೇಲೆ ಹಗ್ಗ ಬಿಗಿಯುವ ಕಿರ್‍ರ್...

"ಇವಳೇ..."

ಏಳು ವರ್ಷದಿಂದ ಅವಳನ್ನು ಯಾರೂ ಹಾಗೆ ಕರೆದಿರಲಿಲ್ಲ.

"ಹ್ಞೂಂ," ಅಂದಳು.

"ಕಡವು ಕಾಣ್ತಿಲ್ಲ ಕಣೇ... ಈಗ ತಾನೇ ಕಾಣ್ತಿತ್ತು."

"ನಾನೇ ಅಳಿಸಿದೆ ಕಣ್ರೀ."

ಡಬ್... ಡಬ್...

"ಹಾಗಾದ್ರೆ ಎಲ್ಲಿ ಹತ್ತಲಿ?"

ಅವಳು ಓಡಿದಳು. ಮನೆಗಲ್ಲ, ಆಫೀಸಿಗೆ. ಕಾವಲುಗಾರನನ್ನು ಎಬ್ಬಿಸಿ ಬೀಗ ತೆಗೆಸಿದಳು. ಹೆರೆದ ಅದೇ ಜಾಗದಲ್ಲಿ ಮತ್ತೆ ಕಡವು ಬರೆದಳು. ಶಾಯಿ ಒಣಗಲಿ ಅಂತ ಊದಿದಳು. ಮತ್ತೆ ಬಾವಿಗೆ ಬಂದು ಬಗ್ಗಿ, "ಬರೆದಿದ್ದೀನಿ, ನೋಡಿ," ಅಂದಳು.

ಮರ ತಾಗುವ ಸದ್ದು ನಿಂತುಹೋಗಿತ್ತು.

ಬೆಳಗಿನ ಮೊದಲ ಬಸ್ಸು ಹತ್ತಿದಳು. ನಮ್ಮಮ್ಮ ಬೇಡವೆಂದರೂ ಕೇಳಲಿಲ್ಲ. ಹೊಳೆ ಮುಟ್ಟುವಾಗ ಮಧ್ಯಾಹ್ನ. ಕಡವೆಲ್ಲಿ, ಬರೀ ಕುಸಿದ ದಡ. ಆದರೆ ದಡದ ಮರದ ಬೇರಿಗೆ ಒಂದು ತೆಪ್ಪ ಕಟ್ಟಿತ್ತು. ಮೇಲೆ ಯಾರೂ ಇರಲಿಲ್ಲ. ನಡುವೆ ಮಣ್ಣಿನ ಒಲೆ, ಪಕ್ಕದಲ್ಲಿ ಎರಡು ತಟ್ಟೆ. ಒಂದರಲ್ಲಿ ಉಂಡು ಎದ್ದಿದ್ದರು. ಇನ್ನೊಂದಕ್ಕೆ ಬಡಿಸಿ, ಎಲೆ ಮುಚ್ಚಿಟ್ಟಿತ್ತು.

ಕತ್ತಲಾಗುವವರೆಗೂ ದಡದುದ್ದಕ್ಕೂ "ರೀ... ರೀ..." ಅಂತ ಕರೆದಳು. ಕೊನೆಗೆ ತೆಪ್ಪದ ಮೇಲೆ ಕೂತು, ಒಲೆಯ ಬೂದಿಯೊಳಗೆ ಕೈಯಿಟ್ಟಳು.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಮಾರನೇ ದಿನ ಅವಳ ಅಂಗೈಯ ಸುಟ್ಟ ಬೊಬ್ಬೆಗಳಿಗೆ ನಮ್ಮಮ್ಮ ಬೆಣ್ಣೆ ಹಚ್ಚುವಾಗ ನಾನು ಪಕ್ಕದಲ್ಲೇ ಕೂತಿದ್ದೆ.