ನಾಗಣ್ಣನ ಗಾಡಿಯ ಗ್ಯಾಸ್ಕೆಟ್

ಮೊದಲು ಆ ಮೊಬೈಲಿನ ಬೆಳಕು ಆರಿಸಿ. ನಡುವೆ ನಗುವವರು ಈಗಲೇ ಎದ್ದು ಹೋಗಿ, ನನಗೆ ಬೇಸರವಿಲ್ಲ. ದೆವ್ವ ಅಂದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನೇ. ಇದು ನಮ್ಮ ದೊಡ್ಡವ್ವನ ಮನೆಯಲ್ಲಿ ಆದದ್ದು, ಹೋದ ವರ್ಷ. ಕೊನೆಯ ಭಾಗ ನನ್ನ ಕಣ್ಣೆದುರಿಗೇ ನಡೆದದ್ದು.

ಜ್ಞಾನೇಶ್ವರ ನನ್ನ ದೊಡ್ಡವ್ವ ಗುಂಡಮ್ಮನ ಮಗ. ಅವತ್ತು ಉದಗೀರದಿಂದ ಕೊನೆಯ ಬಸ್ಸಿಗೆ ಬಂದು ಕಾಸಾರಶಿರಸಿಯಲ್ಲಿ ಇಳಿದಾಗ ಹತ್ತೂವರೆ ದಾಟಿತ್ತು. ಅಲ್ಲಿಂದ ಊರಿಗೆ ಅರ್ಧ ಗಂಟೆ ನಡಿಗೆ. ಕಂಕುಳಲ್ಲಿ ಒಂದು ಚಪ್ಪಟೆ ಪೊಟ್ಟಣ, ಅದರೊಳಗೆ ಹೊಸ ಹೆಡ್ ಗ್ಯಾಸ್ಕೆಟ್. ಗಾಡಿಯ ಕೆಲಸ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎಂಜಿನ್ನಿನ ಮೈಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವೆ ಒಂದು ತೆಳು ತಗಡಿನ ಹಾಳೆ ಇರುತ್ತದೆ. ಅದು ಸುಟ್ಟರೆ ನೀರು ಹೋಗಬಾರದ ಕಡೆ ಹೋಗುತ್ತದೆ. ಎಂಜಿನ್ ಕುದಿಯುತ್ತದೆ. ಗಾಡಿ ನಡುದಾರಿಯಲ್ಲಿ ನಿಂತುಬಿಡುತ್ತದೆ.

ಆ ದಾರಿಯಲ್ಲಿ ಒಂದು ಪಾಳು ಬಾವಿ ಇದೆ. ನೀರಿದೆ, ಸೇದುವವರಿಲ್ಲ. ಅದರ ಹತ್ತಿರ ಬರುವಾಗ ಒಳಗಿಂದ ಸದ್ದು. ಚರ್ರ್... ತಗಡನ್ನು ಕಲ್ಲಿಗೆ ಉಜ್ಜಿದ ಹಾಗೆ. ಜ್ಞಾನೇಶ್ವರ ನಿಂತ. ಸದ್ದೂ ನಿಂತಿತು. ಎರಡು ಹೆಜ್ಜೆ ಇಟ್ಟ. ಚರ್ರ್... ಟಣ್. ಯಾರೋ ಒಂದು ಮೆಟ್ಟಿಲು ಹತ್ತಿ, ಕೈಯಲ್ಲಿದ್ದದ್ದನ್ನು ಕಲ್ಲಿನ ಮೇಲೆ ಇಟ್ಟ ಹಾಗೆ. ಮತ್ತೆ ಚರ್ರ್... ಟಣ್. ಆಮೇಲೆ ನಾಲಿಗೆ ಮಡಚಿ ಕುರಿ ಕರೆಯುವ ಸದ್ದು. ತ್ರ್ರ್ರ್... ತ್ರ್ರ್ರ್...

ಅವರದು ಕುರಿಯವರ ಮನೆ. ಆ ಕರೆ ಅವನಿಗೆ ಹೊಸದಲ್ಲ. ಆದರೆ ಎರಡು ಸಲ ಕರೆದು ಒಂದು ಸಲ ಕೆಮ್ಮುವುದು ಒಬ್ಬರದೇ ಅಭ್ಯಾಸ. ಅವನ ಅಪ್ಪ ನಾಗಣ್ಣನದು. ನಾಗಣ್ಣ ತೀರಿಕೊಂಡು ಆಗಲೇ ಹನ್ನೊಂದು ತಿಂಗಳಾಗಿತ್ತು.

ಶಾಲೆಯ ಓಟದಲ್ಲಿ ಯಾವಾಗಲೂ ಕೊನೆಗೆ ಬರುತ್ತಿದ್ದವನು ಅವತ್ತು ಹೇಗೆ ಓಡಿದನೋ... ಒಂದು ಚಪ್ಪಲಿ ಮರುದಿನ ಹೊಲದಲ್ಲಿ ಸಿಕ್ಕಿತು.

ನಾಗಣ್ಣ ದೊಡ್ಡಪ್ಪ ಹೇಗೆ ಹೋದ ಅಂತ ಹೇಳಬೇಕು. ತುರೋರಿ ಹತ್ತಿರ, ಹೈವೇ ಮೇಲೆ, ರಾತ್ರಿ. ಹಳೆಯ ಡೀಸೆಲ್ ಕಾರು ಕುದ್ದು ನಿಂತಿತು. ನೀರು ತರಲು ಡಬ್ಬಿ ಹಿಡಿದು ರಸ್ತೆ ದಾಟುವಾಗ ಲಾರಿ ಬಡಿಯಿತು. ಕಾರಿಗೆ ಒಂದು ಗೀರೂ ಬೀಳಲಿಲ್ಲ. ಒಂದು ತಿಂಗಳ ಹಿಂದಷ್ಟೇ ಅದಕ್ಕೆ ಹೊಸ ಗ್ಯಾಸ್ಕೆಟ್ ಹಾಕಿಸಿದ್ದ. ಹಾಕಿದವನು ಅವನ ಜೀವದ ಗೆಳೆಯ, ತುರೋರಿಯ ಮೆಕ್ಯಾನಿಕ್ ರೇವಣಸಿದ್ಧ. ಗ್ಯಾಸ್ಕೆಟ್ ಹಾಕಿದ ದಿನ ದೊಡ್ಡಪ್ಪ ಕುರಿ ಹಿಂದೆ ಹೋಗಿದ್ದ. ಸಂಜೆ ಬರುವಷ್ಟರಲ್ಲಿ ಹೆಡ್ ಮುಚ್ಚಿ ಬೋಲ್ಟು ಬಿಗಿದಾಗಿತ್ತು. ಹೊಸದೇ ಹಾಕಿದೆ ತಾನೇ ಅಂತ ನಗುತ್ತಾ ಕೇಳಿದ್ದಕ್ಕೆ ರೇವಣಸಿದ್ಧ ನಮ್ಮ ದೇವರು ಬೀರಪ್ಪನ ಭಂಡಾರದ ಚೀಲಕ್ಕೆ ಕೈ ಹಾಕಿ, ಆ ಅರಿಸಿನ ಹಣೆಗೆ ಹಚ್ಚಿಕೊಂಡು ಹೌದು ಅಂದಿದ್ದ. ಭಂಡಾರ ಮುಟ್ಟಿ ಹೇಳಿದ ಮೇಲೆ ನಮ್ಮಲ್ಲಿ ಯಾರೂ ಎರಡನೆಯ ಮಾತು ಕೇಳುವುದಿಲ್ಲ. ದೊಡ್ಡಪ್ಪನೂ ಕೇಳಲಿಲ್ಲ.

ದೊಡ್ಡಪ್ಪ ಹೋದ ಮೇಲೆ ಆ ಮನೆಗೆ ಆಸರೆಯಾದವನೂ ರೇವಣಸಿದ್ಧನೇ. ಹೆಣಕ್ಕೆ ಹೆಗಲು ಕೊಟ್ಟ. ವಾರಕ್ಕೆರಡು ಸಲ ಬಂದು ಹೋಗುತ್ತಿದ್ದ, ದೊಡ್ಡವ್ವ ಅವನಿಗೆ ರೊಟ್ಟಿ ಬಡಿದು ಹಾಕದೆ ಕಳಿಸುತ್ತಿರಲಿಲ್ಲ. ಜ್ಞಾನೇಶ್ವರ ಅವನನ್ನು ಕಾಕಾ ಅನ್ನುತ್ತಿದ್ದ, ಅಪ್ಪನ ಹಾಗೇ ಕಾಣುತ್ತಿದ್ದ. ಕಾರು ಬೇವಿನ ಮರದ ಕೆಳಗೆ ತಾಡಪತ್ರಿ ಹೊದ್ದು ನಿಂತೇ ಇತ್ತು. ಅಷ್ಟರಲ್ಲಿ ದೊಡ್ಡವ್ವ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಹದಿನೈದು ದಿನಕ್ಕೊಮ್ಮೆ ಉದಗೀರದ ಡಾಕ್ಟರ ಹತ್ತಿರ ಹೋಗಬೇಕು, ಬಸ್ಸಿನ ಮೆಟ್ಟಿಲು ಹತ್ತಲಾರಳು. ಮನೆಯಲ್ಲೇ ಗಾಡಿ ರಿಪೇರಿ ಮಾಡೋಣ ಅಂತ ಜ್ಞಾನೇಶ್ವರ ಹೊರಟ. ರೇವಣಸಿದ್ಧ ಮೊದಲು ಬೇಡ ಅಂದ, ಮಾರಿಬಿಡು ಅಂದ. ಹುಡುಗ ಕೇಳದಿದ್ದಾಗ, ನೀನು ಉದಗೀರಕ್ಕೆ ಹೋಗಿ ಸಾಮಾನು ತಾ, ಹೆಡ್ ನಾನು ಬಿಚ್ಚಿಡುತ್ತೇನೆ ಅಂದ.

ಅವತ್ತೇ ಆ ಬಾವಿಯ ರಾತ್ರಿ.

ಜ್ಞಾನೇಶ್ವರ ಏದುಸಿರು ಬಿಡುತ್ತಾ ಮನೆ ಸೇರಿದಾಗ ರೇವಣಸಿದ್ಧ ಕಟ್ಟೆಯ ಮೇಲೆ ಕೂತಿದ್ದ. ದೊಡ್ಡವ್ವ ಪಡಸಾಲೆಯ ಮಂಚದಲ್ಲಿ ನಿದ್ದೆ ಹೋಗಿದ್ದಳು. ಇಬ್ಬರೂ ದನಿ ಇಳಿಸಿ ಮಾತಾಡಿದರು.

"ಕಾಕಾ, ಹಳೇ ಗ್ಯಾಸ್ಕೆಟ್ ಎಲ್ಲದ?"

"ಸುಟ್ಟು ಚೂರ್ ಚೂರ್ ಆಗಿತ್ತು. ತಿಪ್ಪಿಗಿ ಒಗದೀನಿ. ಯಾಕ?"

"ಏನಿಲ್ಲ. ಹಂಗೇ ಕೇಳ್ದೆ."

ಬಾವಿಯ ತಗಡಿನ ಸದ್ದು ತಲೆಯಲ್ಲಿತ್ತು, ಆದರೆ ಆ ಮಾತು ಅವನು ಎತ್ತಲಿಲ್ಲ. ನಾಚಿಕೆಯಾಯಿತಂತೆ. ರೇವಣಸಿದ್ಧ ಬೈಕ್ ಹತ್ತಿ ತುರೋರಿಗೆ ಹೋದ. ಇವನು ದೀಪ ಆರಿಸಿ ಮಲಗಿದ. ನಿದ್ದೆಯಲ್ಲಿ ಒಮ್ಮೆ ನೀರು ತೊಟ್ಟಿಕ್ಕುವ ಸದ್ದು ಕೇಳಿತು ಅನ್ನುತ್ತಾನೆ. ತಟ್... ತಟ್... ತಟ್... ಏಳುವ ಧೈರ್ಯವಾಗಲಿಲ್ಲ.

ಬೆಳಿಗ್ಗೆ ತಾಡಪತ್ರಿ ಸರಿಸಿದರೆ, ಬಿಚ್ಚಿಟ್ಟ ಎಂಜಿನ್ನಿನ ಮೇಲೆ ಒಂದು ಹಳೆಯ ಗ್ಯಾಸ್ಕೆಟ್. ಚೂರಾಗಿರಲಿಲ್ಲ, ಇಡಿಯದು. ಒಂದೊಂದು ತೂತೂ ತನ್ನ ಜಾಗಕ್ಕೆ ಸರಿಯಾಗಿ ಕೂತಿತ್ತು. ಒದ್ದೆಯಾಗಿತ್ತು, ಅಂಚಿಗೆ ಬಾವಿಯ ಪಾಚಿ. ಎರಡೂ ಬದಿಗೆ ಬೆಳ್ಳಿ ಬಣ್ಣ ಬಳಿದಿತ್ತು. ಉಗುರಿನಿಂದ ಕೆರೆದ. ಬಣ್ಣದ ಕೆಳಗೆ ಎರಡು ತೂತುಗಳ ನಡುವೆ ಸುಟ್ಟ ಕಪ್ಪು ಗೆರೆ. ಇನ್ನಷ್ಟು ಕೆರೆದ. ಹೊರ ಅಂಚಿನಲ್ಲಿ ಎರಡು ಕಚ್ಚು ಕಂಡವು.

ಅವರ ಮಂದೆಯ ಗುರುತು ಅದು. ಕುರಿಯ ಎಡಗಿವಿಗೆ ಎರಡು ಕಚ್ಚು. ದೊಡ್ಡಪ್ಪನಿಗೆ ಅದೊಂದು ಹುಚ್ಚು. ಚಪ್ಪಲಿಗೂ ಹಾಕುತ್ತಿದ್ದ, ಕೊಡೆಗೂ, ಊಟದ ಡಬ್ಬಿಗೂ. ಎಂಟು ವರ್ಷದ ಹಿಂದೆ ಗೆಳೆಯನ ಜೊತೆ ಕೂತು ತಾನೇ ಗ್ಯಾಸ್ಕೆಟ್ ಹಾಕಿದಾಗ ಅದರ ಅಂಚಿಗೂ ಕತ್ತರಿ ಆಡಿಸಿದ್ದ. ಇದೇನು ಬೇರೆಯವರ ಮಂದೆಗೆ ಓಡಿ ಹೋಗುತ್ತದೇನೋ ಅಂತ ರೇವಣಸಿದ್ಧ ನಕ್ಕಿದ್ದನ್ನು ಜ್ಞಾನೇಶ್ವರ ಪಕ್ಕದಲ್ಲೇ ನಿಂತು ನೋಡಿದ್ದ.

ಅಂದರೆ ಹೊಸದು ಹಾಕಿರಲೇ ಇಲ್ಲ. ಎಂಟು ವರ್ಷದ ಹಿಂದಿನ ಅದೇ ಸುಟ್ಟ ಹಾಳೆಗೆ ಬಣ್ಣ ಬಳಿದು ಕೂರಿಸಿ, ಭಂಡಾರ ಮುಟ್ಟಿದ್ದ.

ಒಂಬತ್ತಕ್ಕೆ ರೇವಣಸಿದ್ಧ ಬಂದ. ಗ್ಯಾಸ್ಕೆಟ್ ನೋಡಿದ. ಕೈಯಲ್ಲಿದ್ದ ಬೋಲ್ಟು ಬಿಗಿಯುವ ಪಾನಾ ಕೆಳಗೆ ಬಿತ್ತು... ಠಣ್. ಒಳಗಿಂದ ದೊಡ್ಡವ್ವ ಏನದು ಅಂತ ಕೇಳಿದಳು. ಏನಿಲ್ಲವ್ವ ಅಂದ ಜ್ಞಾನೇಶ್ವರ. ಆಮೇಲೆ ಬಹಳ ಮೆಲ್ಲಗೆ ಕೇಳಿದ.

"ತಿಪ್ಪಿಗಿ ಒಗದೀನಿ ಅಂದಿ."

"ಬಾವ್ಯಾಗ ಒಗದಿದ್ದೆ." ರೇವಣಸಿದ್ಧ ಒಂದು ಹೆಜ್ಜೆ ಹಿಂದೆ ಸರಿದ. "ಇಲ್ಲಿಗಿ ಯಾರ ತಂದಾರ?"

"ಅದು ಬಿಡು. ಯಾಕ ಮಾಡ್ದಿ, ಅದಷ್ಟ ಹೇಳು."

"ಅಂಗಡಿ ಬಂದ್ ಇತ್ತು, ಜ್ಞಾನು. ಎರಡ ದಿನಾ ಬಂದ್. ನಿಮ್ಮಪ್ಪಗ ಗಾಡಿ ಜಲ್ದಿ ಬೇಕಾಗಿತ್ತು. ದಿವಾಳಿ ಹಬ್ಬದ ತನಕ ತಡೀತದ, ಆಮ್ಯಾಲ ಹೊಸಾದು ಹಾಕಿದ್ರಾಯ್ತು ಅಂತ..."

"ಭಂಡಾರ ಯಾಕ ಮುಟ್ಟಿದಿ?"

ರೇವಣಸಿದ್ಧ ಬಗ್ಗಿ ಪಾನಾ ಎತ್ತಿಕೊಂಡ. ಅಪ್ಪ ಸತ್ತಾಗ ಗೋಳೋ ಅಂತ ಅತ್ತವನು ಜ್ಞಾನೇಶ್ವರ. ಅವತ್ತು ಒಂದು ಹನಿ ಬರಲಿಲ್ಲವಂತೆ. ಲಾರಿಯವನ ಮೇಲೆ ಸಿಟ್ಟಿತ್ತು, ಆದರೆ ಅವನು ಯಾರೋ ಹೊರಗಿನವನು. ಇವನು ಹನ್ನೊಂದು ತಿಂಗಳು ತನ್ನ ತಲೆ ಸವರಿ, ಎಲ್ಲಾ ದೇವರಿಚ್ಛೆ ಅಂತ ಸಮಾಧಾನ ಹೇಳಿದವನು. ಇದನ್ನೆಲ್ಲ ಅವನು ನನಗೆ ಮರುದಿನವೇ ಹೇಳಿದ. ಕೇಳುವ ನನಗೇ ಮೈ ಉರಿಯಿತು.

ಅವ್ವನಿಗೆ ಹೇಳಬಾರದು ಅಂತ ಅವನೇ ತೀರ್ಮಾನಿಸಿದ. ಹಾಸಿಗೆ ಹಿಡಿದವಳು, ಇದೊಂದು ನಂಬಿಕೆಯೂ ಹೋದರೆ ಬದುಕುವುದಿಲ್ಲ ಅಂತ ಅವನ ಭಯ. ಹಳೆಯ ಗ್ಯಾಸ್ಕೆಟ್ಟನ್ನು ಕತ್ತರಿಸಿ ಹೂತ. ರೇವಣಸಿದ್ಧ ಬರೀ ಬಾಯಲ್ಲಿ ಕೆಲಸ ಹೇಳಿಕೊಡಬೇಕು, ಗಾಡಿಗೆ ಕೈ ಹಚ್ಚುವಂತಿಲ್ಲ ಅಂತ ಜ್ಞಾನೇಶ್ವರ ಅಂದ. ಹೊಸ ಗ್ಯಾಸ್ಕೆಟ್ ತಾನೇ ಕೂರಿಸಿದ. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ ಬಿಗಿದ. ಗಾಡಿಯನ್ನು ಕಾಸಾರಶಿರಸಿ ತನಕ ಓಡಿಸಿ ತಂದು, ಆರಿದ ಮೇಲೆ ಮತ್ತೊಮ್ಮೆ ಬಿಗಿದ. ಆ ಓಡಾಟದಲ್ಲಿ ನಾನಿದ್ದೆ. ಬಿಸಿ ತೋರಿಸುವ ಮುಳ್ಳು ಅರ್ಧ ದಾಟಲಿಲ್ಲ.

ಮೂರನೆಯ ದಿನ ಆಸ್ಪತ್ರೆಗೆ ಹೊರಟೆವು. ರೇವಣಸಿದ್ಧನನ್ನೂ ಕರೆಸು ಅಂತ ದೊಡ್ಡವ್ವ ಹಟ ಹಿಡಿದಳು. ಅವನು ಬಂದ. ಮುಂದಿನ ಸೀಟಿನಲ್ಲೇ ಕೂರಬೇಕು ಅಂದಳು. ಅವನು ಬಾಗಿಲ ಹತ್ತಿರ ಒಂದು ಕ್ಷಣ ನಿಂತು, ಕೂತ. ಹಿಂದೆ ನಾನು, ನನ್ನ ಪಕ್ಕ ದೊಡ್ಡವ್ವ.

ಒಂದು ಮೈಲು ಹೋಗಿರಲಿಲ್ಲ. ಮುಳ್ಳು ಏರತೊಡಗಿತು. ನೋಡನೋಡುತ್ತಲೇ ಕೆಂಪು ಮುಟ್ಟಿತು. ಬಾನೆಟ್ಟಿನ ಕೆಳಗೆ ಸುಂಯ್... ಅಂತ ಸಣ್ಣ ಸದ್ದು. ಜ್ಞಾನೇಶ್ವರ ಗಾಡಿ ಬದಿಗೆ ಹಾಕಿದ, ಎಂಜಿನ್ ಬಂದ್ ಮಾಡಲು ಕೀಲಿಗೆ ಕೈ ಹಾಕಿದ.

"ಬಂದ್ ಮಾಡಬ್ಯಾಡ," ಅಂದಳು ದೊಡ್ಡವ್ವ. "ರೇವಣಸಿದ್ಧ, ನೀ ಇಳಿ."

ಯಾಕೆ ಅಂತ ಅವನು ಕೇಳಲಿಲ್ಲ. ಹಿಂದಕ್ಕೆ ತಿರುಗಿಯೂ ನೋಡಲಿಲ್ಲ. ಇಳಿದ, ಬಾಗಿಲು ಮೆಲ್ಲಗೆ ಹಾಕಿದ, ಊರ ಕಡೆ ನಡೆದ. ಎಂಜಿನ್ ಓಡುತ್ತಲೇ ಇತ್ತು. ಮುಳ್ಳು ಇಳಿಯಿತು... ಇಳಿದು ಅರ್ಧಕ್ಕೆ ನಿಂತಿತು. ಅವತ್ತು ಉದಗೀರಕ್ಕೆ ಹೋಗಿ ಬಂದೆವು, ಒಂದು ಲೋಟ ನೀರೂ ಹಾಕಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ನಾನೇ ಬಾಯಿಬಿಟ್ಟು ಕೇಳಿದೆ. ನಿನಗೆ ಯಾರು ಹೇಳಿದರು ದೊಡ್ಡವ್ವ ಅಂತ. ಆಕೆ ಸೆರಗು ಸರಿ ಮಾಡಿಕೊಂಡಳು.

"ಅಂದು ರಾತ್ರಿ ಅಂವಾ, ನಿಮ್ಮ ದೊಡ್ಡಪ್ಪ, ಮನಿಗಿ ಬಂದಿದ್ದ. ಮೈಯೆಲ್ಲಾ ನೀರು. ಕೈಯಾಗ ಆ ತಗಡು. ಎಲ್ಲಾ ಹೇಳ್ದ. ಒರಸ್ಕೋಳಾಕ ಟವಲ್ ಕೇಳ್ದ, ಮಂಚದ ಮ್ಯಾಲಿಂದೇ ತೆಗದು ಕೊಟ್ಟೆ." ತನ್ನ ಅಂಗೈ ನೋಡಿಕೊಂಡಳು. "ಒಂದ ವರ್ಷ, ತಮ್ಮಾ... ಒಂದ ವರ್ಷ ರೇವಣಸಿದ್ಧಗ ನನ್ನ ಕೈಲೆ ಉಣ್ಣಾಕ ನೀಡೀನಿ."

ಮುದುಕಿಗೆ ಕನಸು ಬಿದ್ದಿರಬೇಕು ಅನ್ನುತ್ತೀರಿ. ನಾನೂ ಹಾಗೇ ಅಂದುಕೊಂಡು ಮನೆಗೆ ಬಂದ ಮೇಲೆ ಹುಡುಕಿದೆ. ಪೆಟ್ಟಿಗೆ, ಬಟ್ಟೆ ಒಣಹಾಕುವ ಹಗ್ಗ, ಹಿತ್ತಲು, ಏನೂ ಬಿಡಲಿಲ್ಲ. ಬೇಕಾದರೆ ನಾಳೆಯೇ ಬನ್ನಿ, ಕರೆದುಕೊಂಡು ಹೋಗುತ್ತೇನೆ, ನೀವೂ ಹುಡುಕಿ. ಮಂಚದ ಪಕ್ಕದ ಗೂಟಕ್ಕೆ ಯಾವಾಗಲೂ ಇರುತ್ತಿದ್ದ ಆ ನೀಲಿ ಅಂಚಿನ ಟವೆಲ್ ಇವತ್ತಿಗೂ ಸಿಕ್ಕಿಲ್ಲ.