ಮೊಳೆ ಹೊಡೆಯಬಾರದ ಗೋಡೆ

…ಕಂಪ್ಯೂಟರ್ ತಪ್ಪು ಮಾಡಲ್ವಾ? ಮಾಡುತ್ತೆ ಕಣೋ! ತೆರಿಗೆ ಆಫೀಸಿನವರೇನು ದೇವರಾ? ನಿನ್ನ ಹೆಸರಿನವನು ಇನ್ನೊಬ್ಬ ಇರ್ತಾನೆ, ಅವನ ಮನೇನ ನಿನ್ನ ತಲೆಗೆ ಕಟ್ಟಿದಾರೆ. ಕೂತ್ಕೊ ಮೊದಲು. ಜಾಕೆಟ್ ಬಿಚ್ಚು. ನಿನ್ನ ಹುಡುಗಿ ಎಲ್ಲಿ? ಕೆಳಗೇ ನಿಂತಳಾ? ಅಯ್ಯೋ, ಈ ಚಳೀಲಿ... ಮೇಲೆ ಕರಿಯೋ.

ಬೇಡ್ವಾ. ಸರಿ.

ಯಾಕೆ ನಗ್ತೀಯ? ಏನದು ಕಾಗದ? ಕೊಡಿಲ್ಲಿ. ನನ್ನ ಕನ್ನಡಕ... ಹೂಂ, ತಲೆ ಮೇಲೇ ಇದೆ, ಗೊತ್ತು. ‘ಮೊದಲ ಮನೆಯ ತೆರಿಗೆ ವಿನಾಯಿತಿಯನ್ನು ಅರ್ಜಿದಾರರು ಆರು ವರ್ಷದ ಹಿಂದೆಯೇ ಪಡೆದಿದ್ದಾರೆ...’ ಮೂರನೇ ಮಹಡಿ. ಹನ್ನೊಂದನೇ ನಂಬರ್.

ಹೌದು. ಇದೇ ಮನೆ.

ನೋಡು ಪುಟ್ಟ, ಅಕ್ಕ ಹೇಳ್ತೀನಿ, ಮಧ್ಯೆ ಬಾಯಿ ಹಾಕ್ಬೇಡ. ಈ ದೇಶದಲ್ಲಿ ನಾನು ಇನ್ನೂ ಹೊರಗಿನವಳು. ಹೊರಗಿನವರು ಮನೆ ಕೊಂಡ್ರೆ ಬೆಲೆಯ ಐದನೇ ಒಂದು ಪಾಲು ಬರೀ ತೆರಿಗೆ. ಹೋಟೆಲ್ ಲಾಂಡ್ರೀಲಿ ವರ್ಷಗಟ್ಟಲೆ ಬೆಡ್‌ಶೀಟ್ ಇಸ್ತ್ರಿ ಮಾಡಿ ಕೂಡಿಟ್ಟಿದ್ದು ಕಣೋ, ಹಾಗೇ ಎತ್ತಿಕೊಟ್ಟುಬಿಡ್ಲಾ? ನಿನಗೆ ಬಸ್ ಡಿಪೋ ಕೆಲಸದಿಂದ ಇಲ್ಲೇ ಕಾಯಂ ನೆಲೆಸೋ ಕಾಗದ ಸಿಕ್ಕಿತ್ತು. ಅಂಥವರ ಮೊದಲ ಮನೆಗೆ ತೆರಿಗೆ ಇಲ್ಲ. ಜನ್ಮಕ್ಕೆ ಒಂದೇ ಸಲ... ಹೌದು, ಒಂದೇ ಸಲ ಅಂತ ವಕೀಲರು ಅಂದ್ರು. ಕಿವಿಗೆ ಬೀಳಲಿಲ್ಲ ಅಂತ ಸುಳ್ಳು ಹೇಳಲ್ಲ.

ಸಹಿ? ನೀನೇ ಹಾಕಿದ್ದು! ಡ್ಯೂಟಿಗೆ ಹೊರಟಿದ್ದೆ, ಒಂದು ಶೂ ಕಾಲಲ್ಲಿ, ಇನ್ನೊಂದು ಕೈಯಲ್ಲಿ. ಬಾಡಿಗೆ ಕರಾರು ಅಂತ ನಾನು ಹೇಳಿದೆ. ‘ಎಲ್ಲಿ ಹಾಕ್ಲಿ ಅಕ್ಕಾ?’ ಅಂತ ಕೇಳಿ ತೋರಿಸಿದ ಕಡೆ ಗೀಚಿದೆ. ನಿನ್ನ ಹೆಸರಲ್ಲಿ ಈ ಮನೆ ಕೊಳ್ಳೋಕೆ ನೀನು ನನಗೆ ಕೊಟ್ಟ ಅಧಿಕಾರಪತ್ರ ಅದು.

ಹಾಗೆ ನೋಡಬೇಡ್ವೋ... ಮದುವೆ ಆದ್ಮೇಲೆ ಇರೋಕೆ ಅಂತ ನೀವಿಬ್ಬರೂ ಇಷ್ಟಪಟ್ಟ ಆ ಮನೆ ಈಗ ಕೈತಪ್ಪುತ್ತಾ? ತೆರಿಗೆ ಸೇರಿದ್ರೆ ನಿಮ್ಮ ಕೈಲಾಗಲ್ವಾ? ಹೇಳೋ!

ಓನರ್ರಾ? ಇದ್ದಾರಲ್ಲ ನಮ್ಮ ಓನರ್ರು, ಬೋಳುತಲೆ, ಮೂಗಿನ ತುದೀಲೇ ಕೋಪ... ಇಲ್ಲ. ಯಾರೂ ಇಲ್ಲ ಕಣೋ. ನೀನು ಕೊಡ್ತಿದ್ದ ಬಾಡಿಗೆ ಬ್ಯಾಂಕಿನ ಕಂತಿಗೆ ಹೋಯ್ತು. ಅವರಿಗೆ ಮಂಡಿನೋವು ಅಂದಾಗ ಕಿತ್ತಳೆ ತಂದುಕೊಟ್ಟಿದ್ಯಲ್ಲ? ನಾನೇ ತಿಂದೆ. ಅಳ್ತಾ ತಿಂದೆ. ನಗು, ಬೇಕಾದ್ರೆ ನಗು!

ಯಾಕೆ ಎದ್ದೆ? ಡ್ರಾಯರಲ್ಲಿ ಏನು ಹುಡುಕ್ತೀಯ? ಸುತ್ತಿಗೆ ಯಾಕೋ? ಅಮ್ಮನ ಫೋಟೋನಾ... ಬೇಡ, ಗೋಡೆಗೆ ಮೊಳೆ ಹೊಡೀಬೇಡ, ಓನರ್ರು ಬೈ...

ಆರು ವರ್ಷದ ಅಭ್ಯಾಸ. ಆರು ವರ್ಷ ಅಮ್ಮನ್ನ ಕಪಾಟಿನ ಮೇಲೆ ಒರಗಿಸಿಟ್ಟಿದ್ವಿ.

ಹೊಡಿ.

ಸ್ವಲ್ಪ ಎಡಕ್ಕೆ... ಹಾಂ. ಬೈದಾದ್ರೂ ಬಿಡೋ, ನಿನ್ನ ಕಾಲಿಗೆ ಬೀಳ್ತೀನಿ! ತೆರಿಗೆ ಉಳಿಸೋಕೆ ಅಂದೆ... ಅಷ್ಟೇ ಆಗಿದ್ರೆ ಅವತ್ತು ಸಂಜೇನೇ ಹೇಳ್ತಿದ್ದೆ. ಇದು ನಿನ್ನ ಮನೆ ಅಂತ ಗೊತ್ತಾದ್ರೆ ನಾಳೆ ಹೆಂಡತೀನ ಇಲ್ಲಿಗೇ ಕರ್ಕೊಂಡು ಬರ್ತೀಯ. ಇರೋದು ಒಂದು ಕೋಣೆ. ನಾನೆಲ್ಲಿ ಹೋಗ್ಲಿ? ಬಾಡಿಗೆ ಮನೆ ಅಂದ್ರೆ ಇಬ್ಬರೂ ಬಾಡಿಗೆಯವರು. ‘ಹೋಗಕ್ಕಾ’ ಅನ್ನೋಕೆ ನಿನಗೂ ಬಾಯಿ ಬರಲ್ಲ...

ಈಗ ಹೇಳಿ ಓನರ್ರೇ. ಯಾವಾಗ ಖಾಲಿ ಮಾಡ್ಲಿ?